ಮಕ್ಕಳ ಆಟ, ಸೋಲು, ಜಗಳ: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಐದರಿಂದ ಆರೂವರೆವರೆಗೆ ನಮ್ಮ ಬಡಾವಣೆಯ ಮೈದಾನದಲ್ಲಿ ಮಕ್ಕಳನ್ನು ಆಡಿಸುತ್ತೇನೆ. ಐದು ವರ್ಷದವರಿಂದ ಹತ್ತು ವರ್ಷದವರವರೆಗೆ ಬರುತ್ತಾರೆ. ಲಗೋರಿ, ಖೋ ಖೋ, ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್, ಯಾವುದು ಅಂತ ಅವತ್ತು ಬಂದ ಮಕ್ಕಳನ್ನು ನೋಡಿ ತೀರ್ಮಾನ. ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮ, ಅಜ್ಜಿ ತಾತ ಗೇಟಿನ ಹತ್ತಿರ ನಿಂತು ಏನಾದರೂ ಕೇಳುತ್ತಾರೆ. ಕೆಲವರು ರಾತ್ರಿ ಮೆಸೇಜ್ ಕಳಿಸುತ್ತಾರೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಬ್ಯಾಟ್ ಹಿಡಿಯೋದನ್ನು ಹೇಗೆ ದಿನಾ ಅಭ್ಯಾಸ ಮಾಡಿಸುತ್ತೇವೋ, ಬಿದ್ದವರಿಗೆ ಕೈ ಕೊಡೋದನ್ನೂ ಹಾಗೇ ದಿನಾ ಅಭ್ಯಾಸ ಮಾಡಿಸಬೇಕು ಅಂತ ನಾನು ನಂಬಿದ್ದೇನೆ. ಕೆಳಗಿನ ಉತ್ತರಗಳೆಲ್ಲ ಅಲ್ಲಿಂದಲೇ ಬಂದವು.

## ಮೊದಮೊದಲ ಪ್ರಶ್ನೆಗಳು

ಎಷ್ಟನೇ ವಯಸ್ಸಿಗೆ ಟೀಮ್ ಆಟಕ್ಕೆ ಕಳಿಸಬಹುದು? ನಮ್ಮವಳಿಗೆ ಈಗಿನ್ನೂ ಐದು.

ಕಳಿಸಿ. ಆದರೆ ಐದು ವರ್ಷದ ಮಗುವಿಗೆ ಟೀಮ್ ಅಂದರೆ ಏನು ಅಂತ ಇನ್ನೂ ಪೂರ್ತಿ ಗೊತ್ತಿರುವುದಿಲ್ಲ. ಒಂದು ಚೆಂಡು ಬಿಟ್ಟರೆ ಹತ್ತೂ ಮಕ್ಕಳು ಅದನ್ನು ಮುತ್ತಿಕೊಳ್ಳುತ್ತಾರೆ, ತನ್ನ ಕಡೆಯವನ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಅದನ್ನು ಸ್ವಾರ್ಥ ಅಂತ ಬೈಯಬೇಡಿ, ಆ ವಯಸ್ಸೇ ಹಾಗೆ. ಐದರ ಮಕ್ಕಳಿಗೆ ಜೂಟಾಟ, ಕಣ್ಣಾಮುಚ್ಚಾಲೆ ಸಾಕು. ಆರು ಏಳಕ್ಕೆ ಮೂರು ಮೂರು ಜನರ ಪುಟ್ಟ ಟೀಮ್ ಮಾಡಿ. ಎಂಟು ದಾಟಿದ ಮೇಲೆ "ನಾನು ಇಲ್ಲಿ ನಿಲ್ತೀನಿ, ನೀನು ಅಲ್ಲಿ ನಿಲ್ಲು" ಅಂತ ತಾವೇ ಮಾತಾಡಿಕೊಳ್ಳಲು ಶುರು ಮಾಡುತ್ತಾರೆ. ಆಗ ದೊಡ್ಡ ಆಟ ಕಲಿಸಬಹುದು.

ಯಾವ ಆಟದಿಂದ ಶುರು ಮಾಡೋದು ಒಳ್ಳೇದು? ನಮ್ಮನೇಲಿ ಬರೀ ಕ್ರಿಕೆಟ್ ಅಂತಾರೆ.

ಕ್ರಿಕೆಟ್ ಬೇಡ ಅಂತ ಹೇಳುವುದಿಲ್ಲ, ನನಗೂ ಇಷ್ಟ. ಆದರೆ ಚಿಕ್ಕ ಮಕ್ಕಳಿಗೆ ಅದರಲ್ಲಿ ಕಾಯುವುದೇ ಜಾಸ್ತಿ. ಒಬ್ಬ ಬ್ಯಾಟ್ ಮಾಡುತ್ತಾನೆ, ಒಬ್ಬ ಬಾಲ್ ಹಾಕುತ್ತಾನೆ, ಉಳಿದವರು ನಿಂತು ಬೇಜಾರಾಗಿ ಮಣ್ಣು ಕೆದಕುತ್ತಾರೆ. ಬೇಜಾರಾದ ಮಗು ಜಗಳ ತೆಗೆಯುತ್ತೆ.

ಲಗೋರಿಯಿಂದ ಶುರು ಮಾಡಿ. ಏಳು ಕಲ್ಲು, ಒಂದು ಚೆಂಡು. ಒಬ್ಬ ಕಲ್ಲು ಜೋಡಿಸುವಾಗ ಇನ್ನೊಬ್ಬ ಚೆಂಡಿನವರ ಗಮನ ಬೇರೆ ಕಡೆ ಎಳೆಯಬೇಕು, ಇಲ್ಲದಿದ್ದರೆ ಏಳನೇ ಕಲ್ಲು ಕೂರುವುದೇ ಇಲ್ಲ. ಒಬ್ಬರಿಗೊಬ್ಬರು ಬೇಕು ಅನ್ನೋದು ಹೇಳಿಕೊಡದೆ ಗೊತ್ತಾಗುತ್ತೆ. ಚೆಂಡು ಮಾತ್ರ ಮೆತ್ತಗಿನದಿರಲಿ, ಸೊಂಟದಿಂದ ಕೆಳಗೆ ಹೊಡೆಯಬೇಕು ಅನ್ನೋ ನಿಯಮ ಇರಲಿ.

ಸ್ವಲ್ಪ ದೊಡ್ಡವರಾದ ಮೇಲೆ ಖೋ ಖೋ. ನನ್ನ ಕೇಳಿದರೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಅಟ್ಟಿಸಿಕೊಂಡು ಹೋಗುವವನು ಮಧ್ಯದ ಗೆರೆ ದಾಟುವ ಹಾಗಿಲ್ಲ, ಕಂಬ ಮುಟ್ಟುವವರೆಗೆ ಹಿಂದಕ್ಕೆ ತಿರುಗುವ ಹಾಗಿಲ್ಲ. ಓಡುವವನು ಕೂತವರ ನಡುವೆ ಸಲೀಸಾಗಿ ಆಚೆ ಈಚೆ ನುಸುಳುತ್ತಾನೆ. ಹಾಗಾಗಿ ಎಲ್ಲರನ್ನೂ ತಾನೇ ಹಿಡೀತೀನಿ ಅಂತ ಓಡುವ ಮಗುವಿಗೆ ಯಾರೂ ಸಿಗುವುದಿಲ್ಲ. ಕೂತವನ ಬೆನ್ನು ಮುಟ್ಟಿ "ಖೋ" ಅಂದು ತನ್ನ ಸರದಿಯನ್ನು ಅವನಿಗೆ ಬಿಟ್ಟುಕೊಡಬೇಕು. ಔಟ್ ಮಾಡಿದ ಹೆಸರು ಅವನಿಗೇ ಬರುತ್ತೆ, ಆದರೂ ಬಿಟ್ಟುಕೊಡಬೇಕು. ಏಳೆಂಟು ವರ್ಷದ ಮಗುವಿಗೆ ಇದು ಸುಲಭ ಅಲ್ಲ. ಮೊದಲ ಎರಡು ವಾರ ಎಲ್ಲರೂ ಒಂಟಿಯಾಗಿ ಓಡಿ ಸುಸ್ತಾಗುತ್ತಾರೆ. ಮೂರನೇ ವಾರ ಯಾರೋ ಒಬ್ಬರು ಸರಿಯಾದ ಹೊತ್ತಿಗೆ ಖೋ ಕೊಟ್ಟು, ಮರುಕ್ಷಣವೇ ಎದುರಿನವ ಔಟ್ ಆದಾಗ, ಆ ಮಗುವಿನ ಮುಖ ನೋಡಬೇಕು ನೀವು. ದೊಡ್ಡವರ ಆಟದಲ್ಲಿ ಒಂದು ತಂಡದಿಂದ ಒಂಬತ್ತು ಜನ ಅಂಗಳದಲ್ಲಿರುತ್ತಾರೆ. ಮಕ್ಕಳಿಗೆ ಐದು ಜನ ಕೂತರೂ ಆಟ ನಡೆಯುತ್ತೆ.

ಇಷ್ಟು ಚಿಕ್ಕ ಮಕ್ಕಳಿಗೆ ದಯೆ, ಕರುಣೆ ಅಂತೆಲ್ಲ ಹೇಳಿದ್ರೆ ಅರ್ಥ ಆಗುತ್ತಾ?

ಆ ಪದಗಳು ಅರ್ಥ ಆಗುವುದಿಲ್ಲ. ಕೆಲಸ ಅರ್ಥ ಆಗುತ್ತೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ ಅನ್ನುವ ಸಂಶೋಧಕರು 2006ರಲ್ಲಿ ಒಂದೂವರೆ ವರ್ಷದ ಕೂಸುಗಳನ್ನು ಗಮನಿಸಿ ಬರೆದಿದ್ದರು. ದೊಡ್ಡವರೊಬ್ಬರ ಕೈಯಿಂದ ವಸ್ತು ಜಾರಿ ಬಿದ್ದು ಎಟುಕದೆ ಇದ್ದಾಗ, ಯಾರೂ ಹೇಳದೆಯೇ ಆ ಕೂಸುಗಳು ಹೋಗಿ ಎತ್ತಿಕೊಟ್ಟವು. ಅಂದರೆ ಸಹಾಯ ಮಾಡುವ ಮನಸ್ಸು ಮೊದಲೇ ಇದೆ. ಆಟದ ಬಿಸಿಯಲ್ಲಿ ಅದು ಮರೆತುಹೋಗದ ಹಾಗೆ ಅಭ್ಯಾಸ ಮಾಡಿಸುವುದಷ್ಟೇ ನಮ್ಮ ಕೆಲಸ.

ನಾವು ದಿನಾ ಮಾಡಿಸುವುದು ಹೀಗೆ. ಯಾರಾದರೂ ಬಿದ್ದರೆ ಹತ್ತಿರ ಇರುವವರು, ಯಾವ ಟೀಮ್ ಆದರೂ ಸರಿ, ಕೈ ಕೊಟ್ಟು ಎಬ್ಬಿಸಬೇಕು. ಎಬ್ಬಿಸುವವರೆಗೆ ಆಟ ನಿಂತಿರುತ್ತೆ. ಆಟ ಮುಗಿದ ಮೇಲೆ ಎರಡೂ ಕಡೆಯವರು ಸಾಲಾಗಿ ಕೈ ಕುಲುಕಬೇಕು, ಕುಲುಕುವಾಗ ಎದುರಿನವರ ಹೆಸರು ಹೇಳಬೇಕು. ಹೆಸರು ಯಾಕೆ ಅಂದರೆ, ಸುಮ್ನೆ ಕೈ ತಾಗಿಸಿ ಓಡಿಹೋಗಲು ಆಗುವುದಿಲ್ಲ, ಮುಖ ನೋಡಲೇಬೇಕಾಗುತ್ತೆ.

ದೊಡ್ಡ ಮಕ್ಕಳು ನಮ್ಮ ಚಿಕ್ಕವನನ್ನ ಆಟಕ್ಕೇ ಸೇರಿಸಿಕೊಳ್ಳಲ್ಲ. ನಾನು ಹೋಗಿ ಹೇಳ್ಲಾ?

ಒಂದು ಸಲ ಹೇಳಿ. ದಿನಾ ಹೇಳಿದರೆ ಅವರು ನಿಮ್ಮ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಿಕೊಳ್ಳುತ್ತಾರೆ.

ಇದಕ್ಕೆ ನಮ್ಮ ಹಿಂದಿನ ಮಕ್ಕಳು ಒಂದು ದಾರಿ ಕಂಡುಕೊಂಡಿದ್ದರು, ಆಟಕ್ಕುಂಟು ಲೆಕ್ಕಕ್ಕಿಲ್ಲ. ಈಗ ಆ ಮಾತನ್ನು ಯಾರನ್ನಾದರೂ ಹಂಗಿಸಲು ಬಳಸುತ್ತೇವೆ, ಆದರೆ ಬೀದಿಯಲ್ಲಿ ಅದು ಒಳ್ಳೆಯ ಏರ್ಪಾಡಾಗಿತ್ತು. ಪುಟ್ಟ ತಮ್ಮನೋ ತಂಗಿಯೋ ಜೊತೆಗೆ ಓಡಬಹುದು, ಕೂಗಬಹುದು, ಔಟಾದರೆ ಲೆಕ್ಕವಿಲ್ಲ. ಆಟವೂ ಕೆಡುವುದಿಲ್ಲ, ಮಗುವೂ ಗೋಡೆ ಮೇಲೆ ಕೂತು ಅಳುವುದಿಲ್ಲ. ನಾನು ಇದನ್ನು ಹಾಗೇ ಇಟ್ಟುಕೊಂಡಿದ್ದೇನೆ, ಒಂದು ತಿದ್ದುಪಡಿ ಮಾತ್ರ ಮಾಡಿದ್ದೇನೆ. ಒಂದು ತಿಂಗಳಾದ ಮೇಲೆ ಆ ಮಗುವನ್ನು ಕೇಳುತ್ತೇವೆ, "ಇವತ್ತಿಂದ ಲೆಕ್ಕಕ್ಕೆ ಬರ್ತೀಯಾ?" ಅಂತ. ಹೂಂ ಅಂದ ದಿನ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ವರ್ಷಗಟ್ಟಲೆ ಲೆಕ್ಕಕ್ಕಿಲ್ಲದೆ ಇರುವುದು ಯಾವ ಮಗುವಿಗೂ ಚೆನ್ನಾಗಿರುವುದಿಲ್ಲ.

ವಯಸ್ಸು ಬೆರೆತರೆ ಆಟ ಹಾಳಾಗುತ್ತೆ ಅನ್ನುವವರು ಕೊಡಗಿನ ಕೌಟುಂಬಿಕ ಹಾಕಿ ಹಬ್ಬ ನೋಡಬೇಕು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ್ದು. ಅಲ್ಲಿ ಟೀಮ್ ಅಂದರೆ ಒಂದು ಮನೆತನ. ಹೆಂಗಸರು, ಮಕ್ಕಳು, ವಯಸ್ಸಾದವರು ಒಂದೇ ಜೆರ್ಸಿ ಹಾಕಿ ಇಳಿಯುತ್ತಾರೆ.

## ಸೋಲು, ಅಳು, ಸಿಟ್ಟು

ನನ್ನ ಮಗ ಸೋತ್ರೆ ಸಾಕು, ಬ್ಯಾಟ್ ಎಸೆದು ಅಳ್ತಾ ಮನೆಗೆ ಬಂದುಬಿಡ್ತಾನೆ. ಏನ್ ಮಾಡ್ಲಿ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಮೊದಲು ಅಳುವನ್ನೂ ಬ್ಯಾಟ್ ಎಸೆಯೋದನ್ನೂ ಬೇರೆ ಮಾಡಿ. ಅಳಬಹುದು, ಎಸೆಯುವಂತಿಲ್ಲ. ಸೋತಾಗ ದುಃಖ ಆಗೋದು ಆಟವನ್ನು ಮನಸ್ಸಿಟ್ಟು ಆಡಿದ್ದಕ್ಕೆ ಗುರುತು. ಅದನ್ನು "ಗಂಡು ಹುಡುಗ ಅಳ್ತಾನಾ" ಅಂತ ಅದುಮಿದರೆ ಮುಂದೆ ಅದೇ ಸಿಟ್ಟಾಗಿ ಬರುತ್ತೆ.

ಅಳುವ ಹೊತ್ತಿನಲ್ಲಿ ಬುದ್ಧಿಮಾತು ಬೇಡವೇ ಬೇಡ. "ಸೋಲೇ ಗೆಲುವಿನ ಮೆಟ್ಟಿಲು" ಅಂತ ಹೇಳಲು ನಾಲಿಗೆ ತುದಿಯವರೆಗೆ ಬಂದಿರುತ್ತೆ, ತಡೆದುಕೊಳ್ಳಿ. ಪಕ್ಕದಲ್ಲಿ ಕೂತು ನೀರು ಕೊಡಿ. "ಬೇಜಾರಾಯ್ತಲ್ವಾ" ಅನ್ನಿ, ಸುಮ್ಮನಾಗಿ. ನಮ್ಮಲ್ಲಿ ಹೊಂಗೆ ಮರದ ಕೆಳಗೆ ಒಂದು ಕಲ್ಲುಬೆಂಚಿದೆ. ಯಾರಿಗೆ ತಡೆಯಲು ಆಗುವುದಿಲ್ಲವೋ ಅವರು ಅಲ್ಲಿ ಹೋಗಿ ಕೂರಬಹುದು, ಯಾರೂ ಏನೂ ಕೇಳುವುದಿಲ್ಲ. ಸಮಾಧಾನ ಆದ ಮೇಲೆ ತಾವೇ ಬರುತ್ತಾರೆ. ಅದು ಶಿಕ್ಷೆಯ ಜಾಗ ಅಲ್ಲ ಅಂತ ಎಲ್ಲರಿಗೂ ಗೊತ್ತಿದೆ, ನಾನೂ ಒಂದೆರಡು ಸಲ ಅಲ್ಲಿ ಕೂತಿದ್ದೇನೆ.

ಬ್ಯಾಟ್ ಎಸೆದರೆ ಮಾತ್ರ ನಿಯಮ ಒಂದೇ. ಎಸೆದವನೇ ಎತ್ತಿಟ್ಟು ಬರಬೇಕು. ಆಮೇಲೆ ಒಂದು ಓವರ್ ಹೊರಗೆ. ಕೂಗಾಟ ಇಲ್ಲ, ಮುಖ ಗಂಟಿಕ್ಕುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಸೋಲಿನ ಅಭ್ಯಾಸ ಸಣ್ಣ ಸಣ್ಣ ಪ್ರಮಾಣದಲ್ಲಿ ಆಗಬೇಕು. ವಾರಕ್ಕೊಂದೇ ದೊಡ್ಡ ಮ್ಯಾಚ್ ಇಟ್ಟರೆ ಆ ಒಂದು ಸೋಲು ಬೆಟ್ಟದಷ್ಟು ಕಾಣುತ್ತೆ. ಐದೈದು ನಿಮಿಷದ ಎಂಟು ಆಟ ಆಡಿಸಿ, ಪ್ರತಿ ಆಟಕ್ಕೂ ಟೀಮ್ ಬದಲಿಸಿ. ಒಂದೇ ಸಂಜೆಯಲ್ಲಿ ಪ್ರತಿ ಮಗುವೂ ಮೂರ್ನಾಲ್ಕು ಸಲ ಸೋತು ಮೂರ್ನಾಲ್ಕು ಸಲ ಗೆದ್ದಿರುತ್ತೆ. ಕಬಡ್ಡಿಯೂ ಇದಕ್ಕೆ ಒಳ್ಳೆಯದು, ಔಟಾದವರು ತಮ್ಮ ಟೀಮ್ ಎದುರಿನವರನ್ನು ಔಟ್ ಮಾಡಿದಾಗ ಒಬ್ಬೊಬ್ಬರಾಗಿ ವಾಪಸ್ ಬರುತ್ತಾರಲ್ಲ. ಔಟ್ ಅಂದರೆ ಎಲ್ಲ ಮುಗಿಯಿತು ಅನ್ನುವ ಭಯ ಹೋಗುತ್ತೆ. ಹೊರಗೆ ಕೂತವನೂ "ಹಿಡೀರೋ" ಅಂತ ತನ್ನ ಟೀಮಿಗೆ ಕೂಗುತ್ತಾ ಇರುತ್ತಾನೆ.

ಮನೇಲಿ ಚೌಕಾಬಾರ ಆಡುವಾಗ ಬೇಕಂತಲೇ ಸೋತುಕೊಡ್ತೀವಿ. ತಪ್ಪಾ?

ನಾಲ್ಕು ವರ್ಷದ ಮಗುವಿನ ಜೊತೆ ಪರವಾಗಿಲ್ಲ, ಆಟದ ರುಚಿ ಹತ್ತಲಿ. ಆರು ದಾಟಿದ ಮೇಲೆ ನಿಲ್ಲಿಸಿ. ನೀವು ಸೋತುಕೊಟ್ಟಿದ್ದು ಮಗುವಿಗೆ ಒಂದು ದಿನ ಗೊತ್ತಾಗುತ್ತೆ, ಆಗ ಗೆದ್ದ ಹಳೇ ಆಟಗಳೆಲ್ಲ ಸಪ್ಪೆಯಾಗಿ ಕಾಣುತ್ತವೆ. ಅದರ ಬದಲು ಬಾಯಿಬಿಟ್ಟು ಹೇಳಿ ರಿಯಾಯಿತಿ ಕೊಡಿ. "ನಿನಗೆ ನಾಲ್ಕು ಕಾಯಿ ಬದಲು ಮೂರೇ ಹಣ್ಣಾದ್ರೆ ಸಾಕು" ಅನ್ನಿ. ಆಮೇಲೆ ನಿಜವಾಗಿ ಆಡಿ. ಸೋತಾಗ ನೀವು ಹೇಗಿರುತ್ತೀರಿ ಅನ್ನೋದನ್ನೂ ಮಗು ನೋಡುತ್ತಿರುತ್ತೆ, ಹಾಗಾಗಿ "ಚೆನ್ನಾಗಿ ಆಡಿದೆ ಮರಿ, ಆ ಕಾಯಿ ಹೊಡೆದಿದ್ದು ಸಖತ್ತಾಗಿತ್ತು" ಅಂತ ಮನಸಾರೆ ಹೇಳಿ.

ಗೆದ್ದಾಗ ನಮ್ಮವಳು ಎದುರಿನವರನ್ನ "ಸೋತ್ರು ಸೋತ್ರು" ಅಂತ ರೇಗಿಸ್ತಾಳೆ. ಖುಷಿ ಪಡಬೇಡ ಅನ್ನೋಕಾಗುತ್ತಾ?

ಖುಷಿ ಪಡಲಿ, ಕುಣಿಯಲಿ. ತನ್ನ ಟೀಮಿನ ಕಡೆ ಮುಖ ಮಾಡಿ ಕುಣಿಯಬೇಕು ಅನ್ನೋದು ನಮ್ಮ ನಿಯಮ. ಎದುರಿನವರ ಕಡೆ ತಿರುಗಿ ಕುಣಿದರೆ ಅದು ರೇಗಿಸುವುದು. ಇಷ್ಟು ಸರಳವಾಗಿ ಹೇಳಿದರೆ ಐದು ವರ್ಷದವರಿಗೂ ಗೊತ್ತಾಗುತ್ತೆ. ಟಿವಿಯಲ್ಲಿ ವಿಕೆಟ್ ಬಿದ್ದಾಗ ಪೆವಿಲಿಯನ್ ಕಡೆ ಕೈ ತೋರಿಸಿ ಕಳಿಸೋದನ್ನು ನೋಡಿ ಮಕ್ಕಳು ಹಾಗೇ ಮಾಡುತ್ತಾರೆ, ಜೊತೆಗೆ ಕೂತು ನೋಡುವಾಗ "ಇದು ನಮಗೆ ಬೇಡ" ಅಂತ ಒಂದು ಮಾತು ಹೇಳಿದರೆ ಸಾಕು. ಗೆದ್ದವರು ಕುಣಿದು ಮುಗಿಸಿದ ಮೇಲೆ ಎದುರಿನ ಟೀಮಿನಲ್ಲಿ ಯಾರು ಯಾವುದನ್ನು ಚೆನ್ನಾಗಿ ಆಡಿದರು ಅಂತ ಒಂದೊಂದು ಹೇಳಬೇಕು. ಮೊದಮೊದಲು "ಎಲ್ರೂ ಚೆನ್ನಾಗಾಡಿದ್ರು" ಅಂತ ತೇಲಿಸುತ್ತಾರೆ. ಹೆಸರು, ಹೊಡೆತ, ಕ್ಯಾಚು ಹೇಳಲೇಬೇಕು ಅಂದಾಗ ಆಟವನ್ನು ಗಮನಿಸಿ ನೋಡಲು ಶುರು ಮಾಡುತ್ತಾರೆ.

## ಮೋಸ, ಅಂಪೈರ್, ನಿಯಮ

ಔಟಾಗಿದ್ದು ಎಲ್ರಿಗೂ ಕಾಣ್ಸುತ್ತೆ, ಇವನೊಬ್ಬ ಒಪ್ಪಲ್ಲ. ಸುಳ್ಳು ಹೇಳೋ ಬುದ್ಧಿ ಬಂತಾ?

ಅಷ್ಟು ದೂರ ಹೋಗಬೇಡಿ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳು ಗೋಲಿ ಆಡೋದನ್ನು ಕೂತು ನೋಡಿ, ಅವರ ಜೊತೆ ಆಡಿ, 1932ರಲ್ಲಿ ಅದರ ಬಗ್ಗೆ ಬರೆದರು. ಚಿಕ್ಕ ಮಕ್ಕಳು ನಿಯಮ ದೊಡ್ಡವರಿಂದ ಬಂದಿದ್ದು, ಬದಲಾಯಿಸಲೇಬಾರದು ಅಂತ ಹೇಳುತ್ತಾರೆ, ಆದರೆ ಆಡುವಾಗ ತಮಗೆ ಬೇಕಾದ ಹಾಗೆ ಆಡುತ್ತಾರೆ. ಹತ್ತರ ಹತ್ತಿರ ಬಂದಾಗ ನಿಯಮ ಅಂದರೆ ನಾವೆಲ್ಲ ಸೇರಿ ಒಪ್ಪಿಕೊಂಡಿದ್ದು ಅನ್ನುವ ತಿಳಿವಳಿಕೆ ಬರುತ್ತೆ. ನಾನು ಮೈದಾನದಲ್ಲಿ ಕಂಡಿದ್ದೂ ಹೆಚ್ಚುಕಡಿಮೆ ಇದೇ. ಆರು ವರ್ಷದವನು "ನಾನು ಔಟಿಲ್ಲ" ಅಂದಾಗ ಎಷ್ಟೋ ಸಲ ಅವನ ಮನಸ್ಸಿನಲ್ಲಿರುವುದು "ನನಗೆ ಇನ್ನೂ ಆಡಬೇಕು" ಅನ್ನೋದು. ಹಾಗಾಗಿ "ಇನ್ನೂ ಆಡ್ಬೇಕಿತ್ತಾ?" ಅಂತ ಕೇಳಿ. ಹೂಂ ಅಂತ ತಲೆ ಆಡಿಸಿ ಬ್ಯಾಟ್ ಕೊಟ್ಟುಬಿಡುತ್ತಾನೆ.

ಒಪ್ಪಿಕೊಳ್ಳೋದನ್ನು ಕಲಿಸಲು ಕಬಡ್ಡಿಯಿಂದ ಒಂದು ಪದ್ಧತಿ ತಂದಿದ್ದೇವೆ. ಮುಟ್ಟಿಸಿಕೊಂಡ ಆಟಗಾರರು ಕೈ ಎತ್ತಿ ತಾವೇ ಆಚೆ ಹೋಗುವುದನ್ನು ನೋಡಿರುತ್ತೀರಿ. ನಮ್ಮಲ್ಲಿ ಎಲ್ಲ ಆಟಕ್ಕೂ ಅದೇ, ಔಟಾಯಿತು ಅನ್ನಿಸಿದರೆ ಕೈ ಎತ್ತು. ಯಾರೂ ನೋಡದೆ ಇದ್ದಾಗ ಕೈ ಎತ್ತಿದ ಮಗುವನ್ನು ಆಟ ನಿಲ್ಲಿಸಿ ಹೆಸರು ಹಿಡಿದು ಮೆಚ್ಚುತ್ತೇನೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಶುರುವಿನ ದಿನಗಳಲ್ಲಿ ಒಬ್ಬ ಏಳು ವರ್ಷದ ಹುಡುಗನನ್ನು ಎಲ್ಲರ ಮುಂದೆ "ಮೋಸಗಾರ" ಅಂದುಬಿಟ್ಟೆ. ಮಾರನೇ ದಿನದಿಂದ ಎಲ್ಲ ಮಕ್ಕಳೂ ಅವನನ್ನು ಹಾಗೇ ಕರೆದರು. ಆ ಹೆಸರು ಅಳಿಸಲು ನನಗೆ ತಿಂಗಳುಗಳೇ ಬೇಕಾದವು. ಅವತ್ತಿನಿಂದ ಆ ಪದ ನಮ್ಮ ಮೈದಾನದಲ್ಲಿ ಇಲ್ಲ, ನನ್ನ ಬಾಯಲ್ಲೂ ಇಲ್ಲ.

ಅಂಪೈರ್ ತಪ್ಪು ತೀರ್ಪು ಕೊಟ್ರೂ ಸುಮ್ನೆ ಇರಬೇಕಾ? ಅನ್ಯಾಯ ಸಹಿಸೋದನ್ನ ಕಲಿಸಿದ ಹಾಗಾಗಲ್ವಾ?

ಕೇಳಬಹುದು, ಆದರೆ ಕೇಳುವ ರೀತಿ ಇದೆ. ಕ್ಯಾಪ್ಟನ್ ಒಬ್ಬನೇ ಹೋಗಿ, ಒಂದೇ ಸಲ ಕೇಳಬೇಕು. ಅಂಪೈರ್ ಮತ್ತೊಮ್ಮೆ ಹೇಳಿದ ಮೇಲೆ ಆಟ ಮುಂದುವರಿಯಬೇಕು. ಇದಕ್ಕಿಂತ ಒಳ್ಳೆಯ ಮದ್ದು, ಪ್ರತಿ ಮಗುವನ್ನೂ ಸರದಿಯಲ್ಲಿ ಅಂಪೈರ್ ಮಾಡಿ. ಸಿಳ್ಳೆ ಕೊರಳಿಗೆ ಹಾಕಿಕೊಂಡು ಹತ್ತು ನಿಮಿಷ ನಿಂತರೆ ಎರಡೂ ಕಡೆಯ ಕೂಗಾಟದ ಮಧ್ಯೆ ಸರಿಯಾಗಿ ನೋಡೋದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಅತಿ ಜಾಸ್ತಿ ವಾದ ಮಾಡುವ ಮಗುವಿಗೆ ಮೊದಲ ಸರದಿ ಕೊಡಿ.

ಅಂಪೈರ್ ಔಟ್ ಕೊಟ್ಟಿದ್ದಾರೆ, ಆದ್ರೆ ಔಟಲ್ಲ ಅಂತ ನಮ್ಮ ಟೀಮಿಗೆ ಗೊತ್ತು. ವಾಪಸ್ ಕರೀಬೇಕಾ? ಆಮೇಲೆ ನಾವೇ ಸೋತ್ರೆ?

ಸೋಲಬಹುದು. ಅದನ್ನು ಮುಚ್ಚಿಡದೆ ಮಕ್ಕಳಿಗೆ ಹೇಳಬೇಕು. ನಾನು ಹೇಳುವ ಕಥೆ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರದು. 1980ರ ಫೆಬ್ರವರಿ, ಬಾಂಬೆಯ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್, ಅವರೇ ಕ್ಯಾಪ್ಟನ್. ಇಂಗ್ಲೆಂಡ್ 58 ರನ್‌ಗೆ 5 ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಆಗ ಆಡಲು ಬಂದ ಬಾಬ್ ಟೇಲರ್ ಅವರನ್ನು ವಿಕೆಟ್ ಕೀಪರ್‌ಗೆ ಕ್ಯಾಚ್ ಅಂತ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ವಿಶ್ವನಾಥ್ ಅವರಿಗೆ ಅನ್ನಿಸಿತು. ಅಂಪೈರ್ ಜೊತೆ ಮಾತಾಡಿ ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಜೊತೆಯಾಟ ಆಡಿದರು, ಬಾಥಮ್ ಶತಕ ಹೊಡೆದರು, ಭಾರತ 10 ವಿಕೆಟ್‌ಗಳಿಂದ ಸೋತಿತು.

"ಛೇ, ಕರೀಬಾರ್ದಿತ್ತು" ಅಂತ ಅರ್ಧ ಮಕ್ಕಳು ಹೇಳುತ್ತಾರೆ. ಹೇಳಲಿ. ನಾನು ತಿದ್ದುವುದಿಲ್ಲ. "ನೀನು ಟೇಲರ್ ಆಗಿದ್ರೆ?" ಅಂತ ಮಾತ್ರ ಕೇಳುತ್ತೇನೆ. ಅಲ್ಲಿಂದ ಅವರವರೇ ಅರ್ಧ ಗಂಟೆ ಚರ್ಚೆ ಮಾಡುತ್ತಾರೆ. ಯಾವ ಮಗುವಿಗೂ "ನೀನು ವಾಪಸ್ ಕರೀಲೇಬೇಕು" ಅಂತ ಒತ್ತಾಯ ಮಾಡಬೇಡಿ. ದೊಡ್ಡವರ ಹೆದರಿಕೆಗೆ ಮಾಡಿದ್ದು ದೊಡ್ಡವರು ಇಲ್ಲದಾಗ ಉಳಿಯುವುದಿಲ್ಲ. "ನಿನಗೆ ಏನು ಕಾಣಿಸ್ತು, ಹೇಳು" ಅಂತ ಕೇಳಿದರೆ ಬಹಳ ಮಕ್ಕಳು ನಿಜವನ್ನೇ ಹೇಳುತ್ತಾರೆ.

ಮಗ ಬಾಲ್ ಹಾಕೋ ಮುಂಚೆ ನಾನ್ ಸ್ಟ್ರೈಕರ್‌ನ ಔಟ್ ಮಾಡಿದ. ಎಲ್ರೂ ಮೋಸ ಅಂದ್ರು. ರೂಲ್ಸ್‌ನಲ್ಲಿ ಇದೆ ಅಲ್ವಾ?

ಇದೆ. 1947ರಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ವಿನೂ ಮಂಕಡ್ ಅವರು ಬಿಲ್ ಬ್ರೌನ್ ಅವರನ್ನು ಹೀಗೆ ಔಟ್ ಮಾಡಿದಾಗಿನಿಂದ ವಾದ ನಡೆದೇ ಇತ್ತು. 2022ರಲ್ಲಿ ಈ ನಿಯಮವನ್ನು ಅನುಚಿತ ಆಟದ ಭಾಗದಿಂದ ತೆಗೆದು ಸಾದಾ ರನೌಟ್ ಭಾಗಕ್ಕೆ ಸೇರಿಸಿದರು. ಹಾಗಾಗಿ ನಿಮ್ಮ ಮಗನನ್ನು ಯಾರೂ ತಪ್ಪಿತಸ್ಥನ ಹಾಗೆ ನೋಡಬಾರದು. ಬಾಲ್ ಬಿಡುವ ಮುಂಚೆ ಓಡುವವನೂ ಲಾಭ ಕದಿಯುತ್ತಿದ್ದಾನೆ ಅಲ್ವಾ.

ಇನ್ನೊಂದು ಕಡೆಯನ್ನೂ ಹೇಳಿ. 1987ರ ವಿಶ್ವಕಪ್‌ನಲ್ಲಿ ಲಾಹೋರ್‌ನಲ್ಲಿ ವೆಸ್ಟ್ ಇಂಡೀಸ್‌ನ ಕೋರ್ಟ್ನಿ ವಾಲ್ಷ್ ಕೊನೆಯ ಚೆಂಡಿನ ಹೊತ್ತಿಗೆ ಪಾಕಿಸ್ತಾನದ ಸಲೀಂ ಜಾಫರ್ ಅವರನ್ನು ಹೀಗೆ ಔಟ್ ಮಾಡಬಹುದಿತ್ತು, ಮಾಡದೆ ಎಚ್ಚರಿಸಿದರು. ಪಂದ್ಯ ಕೈತಪ್ಪಿತು, ವೆಸ್ಟ್ ಇಂಡೀಸ್ ಸೆಮಿಫೈನಲ್‌ಗೂ ಹೋಗಲಿಲ್ಲ. ಹತ್ತು ವರ್ಷದೊಳಗಿನವರಿಗೆ ನಮ್ಮ ಮೈದಾನದ ನಿಯಮ, ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಔಟ್. ಆಟ ಶುರುವಾಗುವ ಮುಂಚೆಯೇ ಇದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿರುತ್ತೇವೆ.

## ಟೀಮ್ ಕಟ್ಟುವಾಗ

ಟೀಮ್ ಆರಿಸುವಾಗ ನನ್ನ ಮಗಳನ್ನ ಯಾವಾಗ್ಲೂ ಕೊನೇಲಿ ತಗೋತಾರೆ. ಈಗ ಹೋಗೋದೇ ಬೇಡ ಅಂತಾಳೆ.

ಅವಳ ಬೇಜಾರು ನ್ಯಾಯವಾದದ್ದು. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಹೆಸರು ಕೂಗಿ ಆರಿಸುವ ಪದ್ಧತಿಯನ್ನೇ ನಾನು ನಿಲ್ಲಿಸಿದ್ದೇನೆ. ಎಲ್ಲರ ಮುಂದೆ ಒಂದು ಮಗುವಿಗೆ "ನೀನು ಯಾರಿಗೂ ಬೇಡ" ಅಂತ ದಿನಾ ಹೇಳಿದ ಹಾಗೆ ಅದು.

ಅದರ ಬದಲು ನಮ್ಮ ಹಳೇ ಬೀದಿ ಪದ್ಧತಿಯೇ ಚೆನ್ನಾಗಿದೆ. ಹೆಚ್ಚುಕಡಿಮೆ ಸಮ ಆಡುವ ಇಬ್ಬಿಬ್ಬರು ಜೋಡಿಯಾಗಿ ಹೆಗಲ ಮೇಲೆ ಕೈ ಹಾಕಿಕೊಂಡು ಸ್ವಲ್ಪ ದೂರ ಹೋಗಿ ಗುಟ್ಟಾಗಿ ಹೆಸರು ಇಟ್ಟುಕೊಳ್ಳುತ್ತಾರೆ, ಒಬ್ಬಳು ಮಲ್ಲಿಗೆ, ಒಬ್ಬಳು ಸಂಪಿಗೆ. ವಾಪಸ್ ಬಂದು "ಮಲ್ಲಿಗೆ ಬೇಕಾ ಸಂಪಿಗೆ ಬೇಕಾ" ಅಂತ ಕ್ಯಾಪ್ಟನ್‌ಗಳನ್ನು ಕೇಳುತ್ತಾರೆ. ಯಾರು ಯಾವ ಹೂವು ಅಂತ ಅವರಿಗೆ ಗೊತ್ತಿರುವುದಿಲ್ಲ. ಟೀಮೂ ಸಮ ಆಗುತ್ತೆ, ಯಾರೂ ಕೊನೆಗೆ ಒಂಟಿಯಾಗಿ ಉಳಿಯುವುದಿಲ್ಲ. ಒಬ್ಬರು ಹೆಚ್ಚಾದರೆ ಅವರು ಜೋಕರ್, ಎರಡೂ ಕಡೆ ಆಡುತ್ತಾರೆ.

ಎಲ್ರಿಗೂ ಸಮ ಅವಕಾಶ ಕೊಟ್ರೆ ಟೀಮ್ ಸೋಲಲ್ವಾ? ಚೆನ್ನಾಗಿ ಆಡೋರಿಗೆ ಅನ್ಯಾಯ.

ಹತ್ತು ವರ್ಷದವರೆಗೆ ಎಲ್ಲರೂ ಬ್ಯಾಟ್ ಮಾಡಬೇಕು, ಎಲ್ಲರೂ ಬಾಲ್ ಹಾಕಬೇಕು. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಈ ವಯಸ್ಸಿನಲ್ಲಿ ಯಾರು ಮುಂದೆ ಚೆನ್ನಾಗಿ ಆಡುತ್ತಾರೆ ಅಂತ ಯಾರೂ ಹೇಳಲು ಆಗುವುದಿಲ್ಲ.

ರಾಹುಲ್ ದ್ರಾವಿಡ್ ಭಾರತ ಎ ಮತ್ತು 19 ವರ್ಷದೊಳಗಿನವರ ತಂಡಗಳಿಗೆ ಕೋಚ್ ಆಗಿದ್ದಾಗ, ಎ ತಂಡದ ಜೊತೆ ಪ್ರವಾಸಕ್ಕೆ ಬಂದ ಯಾವ ಹುಡುಗನೂ ಒಂದೂ ಪಂದ್ಯ ಆಡದೆ ವಾಪಸ್ ಹೋಗಬಾರದು ಅಂತ ನೋಡಿಕೊಂಡರು. ತಾವು ಚಿಕ್ಕವರಿದ್ದಾಗ ಹಾಗೆ ಹೋಗಿ ಆಡಲು ಅವಕಾಶ ಸಿಗದೆ ಪಟ್ಟ ಸಂಕಟವನ್ನು ಅವರೇ ಹೇಳಿಕೊಂಡಿದ್ದಾರೆ. 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗಲೂ, ತಮಗೆ ಸಹಾಯಕ ಸಿಬ್ಬಂದಿಗಿಂತ ಜಾಸ್ತಿ ಬಹುಮಾನದ ಹಣ ಬೇಡ, ಎಲ್ಲರಿಗೂ ಸಮ ಕೊಡಿ ಅಂತ ಕೇಳಿದರು, ಕೊನೆಗೆ ಅವರಿಗೂ ಸಿಬ್ಬಂದಿಗೂ ತಲಾ 25 ಲಕ್ಷ ರೂಪಾಯಿ ಸಿಕ್ಕಿತು. ದೇಶದ ಮಟ್ಟದಲ್ಲೇ ಇದನ್ನು ಪಾಲಿಸಲು ಆಗುವುದಾದರೆ ನಮ್ಮ ಬಡಾವಣೆಯ ಮೈದಾನದಲ್ಲಿ ಯಾಕಾಗುವುದಿಲ್ಲ?

ಹುಡುಗರು ಹುಡುಗೀರನ್ನ ಸೇರಿಸಲ್ಲ, "ನಿಮಗೆ ಬರಲ್ಲ" ಅಂತಾರೆ.

ಈ ವಯಸ್ಸಿನಲ್ಲಿ ಓಟದಲ್ಲಾಗಲಿ ಬಲದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಪ್ರತಿ ಟೀಮೂ ಬೆರಕೆಯೇ ಇರಬೇಕು ಅಂತ ಮೊದಲ ದಿನದಿಂದ ಮಾಡಿಬಿಡಿ, ಪ್ರಶ್ನೆಯೇ ಬರುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಅವರು ಓಡುವ ವಿಡಿಯೋ ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೆ ತೋರಿಸಿ.

ನಮ್ಮ ಗುಂಪಿನಲ್ಲಿ ಒಂದು ಮಗುವಿಗೆ ಕಾಲು ಸರಿಯಿಲ್ಲ, ಓಡೋಕಾಗಲ್ಲ. ಸ್ಕೋರ್ ಬರೆಯೋಕೆ ಕೂರಿಸಿದ್ದೀವಿ. ಸಾಕಲ್ವಾ?

ಆ ಮಗುವನ್ನು ಕೇಳಿದ್ದೀರಾ? ಸ್ಕೋರ್ ಬರೆಯೋದೇ ಇಷ್ಟ ಅಂದರೆ ಸರಿ. ನಾನು ಕೇಳಿದಾಗ ನಮ್ಮಲ್ಲಿದ್ದ ಹುಡುಗಿ "ನಂಗೆ ಚೆಂಡು ಹೊಡೀಬೇಕು" ಅಂದಳು. ಹೇಗೆ ಅಂತ ಮಕ್ಕಳನ್ನೇ ಕೇಳಿದೆ. ಹತ್ತು ನಿಮಿಷದಲ್ಲಿ ಅವರೇ ನಿಯಮ ಕಟ್ಟಿದರು. ಅವಳು ಹೊಡೆದರೆ ಬೇರೆಯವರು ಓಡುವುದು, ಓಡುವವರು ಪ್ರತಿ ಸಲ ಬೇರೆಯಾಗಿರುವುದು, ಚೆಂಡು ಹತ್ತಿರದ ಸುಣ್ಣದ ಗೆರೆ ದಾಟಿದರೆ ನಾಲ್ಕು ರನ್. ಔಟ್ ಮಾತ್ರ ಎಲ್ಲರ ಹಾಗೇ. ಅದು ಅವಳದೇ ಬೇಡಿಕೆ, ಬೇಕಂತ ಔಟ್ ಮಾಡದೆ ಬಿಟ್ಟರೆ ಅವಳಿಗೆ ಸಿಟ್ಟು ಬರುತ್ತಿತ್ತು. ಕನಿಕರ ತೋರಿಸಿ ಆಟ ಬಿಟ್ಟುಕೊಡುವುದು ಬೇಕಿಲ್ಲ, ಅವಳೂ ಆಡುವ ಹಾಗೆ ಆಟವನ್ನು ಬದಲಾಯಿಸಿ.

ಬೇರೆ ರಾಜ್ಯದಿಂದ ಬಂದ ಮಗು, ಕನ್ನಡ ಬರಲ್ಲ. ಮಕ್ಕಳು ನಗ್ತಾರೆ.

ಆಟದ ಪದಗಳನ್ನು ಮೊದಲು ಕಲಿಸಿ. "ಓಡು, ಹಿಡಿ, ಕೊಡು, ಇಲ್ಲಿ" ಇಷ್ಟಿದ್ದರೆ ಲಗೋರಿ ಆಡಬಹುದು. ಆ ಮಗುವಿನ ಭಾಷೆಯ ಅದೇ ನಾಲ್ಕು ಪದವನ್ನು ನಮ್ಮ ಮಕ್ಕಳೂ ಕಲಿಯಲಿ. ಅವಕ್ಕೆ ಬಹಳ ಮಜಾ ಬರುತ್ತೆ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಮ್ಯಾಚ್ ದಿನ ಕೆಲವು ಅಪ್ಪಂದಿರು ಗೆರೆ ಪಕ್ಕ ನಿಂತು ಕಿರುಚ್ತಾರೆ. ಹೇಗೆ ಹೇಳೋದು?

ಮೊದಲೇ ಹೇಳಬೇಕು, ಕಿರುಚುವಾಗ ಹೇಳಿದರೆ ಅವಮಾನ ಆಗುತ್ತೆ. ನಾವು ಮ್ಯಾಚಿಗೆ ಮುಂಚೆ ಎಲ್ಲ ಹಿರಿಯರನ್ನೂ ಕೂರಿಸಿ ಟೀ ಕೊಟ್ಟು ಎರಡು ಮಾತು ಹೇಳುತ್ತೇವೆ. ಚಪ್ಪಾಳೆ ಎರಡೂ ಟೀಮಿಗೆ. "ಎಡಗಡೆ ಹೊಡಿ, ಮುಂದೆ ಬಾ" ಅನ್ನುವ ಸೂಚನೆ ಬೇಡ, ಯಾಕೆಂದರೆ ಮಗುವಿನ ಒಂದು ಕಿವಿಗೆ ನಾನು, ಇನ್ನೊಂದು ಕಿವಿಗೆ ಅಪ್ಪ ಹೇಳಿದರೆ ಅದು ಎಲ್ಲಿಗೆ ಓಡಬೇಕು? ಮನೆಗೆ ಹೋಗುವ ದಾರಿಯಲ್ಲಿ ಸ್ಕೂಟರ್ ಮೇಲೆ ಆಟದ ವಿಮರ್ಶೆ ಶುರು ಮಾಡಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. "ನೀನು ಆಡೋದು ನೋಡೋಕೆ ಖುಷಿಯಾಯ್ತು" ಅನ್ನಿ. ಉಳಿದದ್ದನ್ನು ಮಗುವೇ ಹೇಳುತ್ತೆ, ಹೇಳಬೇಕು ಅನ್ನಿಸಿದಾಗ.

ಇಷ್ಟೆಲ್ಲ ಒಳ್ಳೇತನ ಕಲಿಸಿದ್ರೆ ಮಗು ಮೆತ್ತಗಾಗಿಬಿಡಲ್ವಾ? ಹೊರಗಡೆ ಪ್ರಪಂಚ ಹಾಗಿಲ್ಲ.

ಕಬಡ್ಡಿ ನೋಡಿ. ರೈಡ್‌ಗೆ ಬಂದವನ ಪಾದ ಹಿಡಿದು, ಸೊಂಟ ಹಿಡಿದು, ಮೂರು ಜನ ಬಿದ್ದು ನೆಲಕ್ಕೆ ಕೆಡವುತ್ತಾರೆ. ಸಿಳ್ಳೆ ಊದಿದ ಮೇಲೆ ಕೆಡವಿದವನೇ ಕೈ ಕೊಟ್ಟು ಎಬ್ಬಿಸುತ್ತಾನೆ. ಎರಡೂ ಒಂದೇ ಮನುಷ್ಯ ಮಾಡುವ ಕೆಲಸ. ಮಕ್ಕಳಿಗೆ ನಾನು ಗಟ್ಟಿಯಾಗಿ ಹಿಡಿಯೋದನ್ನೂ ಕಲಿಸುತ್ತೇನೆ, ಬಟ್ಟೆ ಕೂದಲು ಎಳೆಯದೆ ಹಿಡಿಯೋದನ್ನೂ ಕಲಿಸುತ್ತೇನೆ. ಅರ್ಧ ಮನಸ್ಸಿನಿಂದ ಆಡುವುದು ಎದುರಿನವರಿಗೆ ಮಾಡುವ ಮರ್ಯಾದೆ ಅಲ್ಲ. ತುಂಬಾ ಸಂಕೋಚದ ಮಗುವಿಗಂತೂ "ಜೋರಾಗಿ ಆಡು, ನಾನಿದ್ದೀನಿ" ಅಂತ ಬೇರೆಯಾಗಿ ಹೇಳಬೇಕಾಗುತ್ತೆ.

ಒಳ್ಳೆ ನಡತೆಗೆ ಚಾಕೊಲೇಟ್, ಸ್ಟಾರ್ ಕೊಡ್ತೀವಿ. ಕೆಲಸ ಮಾಡುತ್ತಾ?

ಒಂದು ವಾರ ಮಾಡುತ್ತೆ. ಆಮೇಲೆ ಬಿದ್ದವನನ್ನು ಎಬ್ಬಿಸುವ ಮುಂಚೆ ನಿಮ್ಮ ಮುಖ ನೋಡುತ್ತಾರೆ, ನೋಡಿದ್ರಾ ಅಂತ. ಮೇಲೆ ಹೇಳಿದ ಇಬ್ಬರು ಸಂಶೋಧಕರೇ 2008ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಸಹಾಯ ಮಾಡಿದ್ದಕ್ಕೆ ವಸ್ತು ರೂಪದ ಬಹುಮಾನ ಪಡೆದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ, ಮೆಚ್ಚುಗೆ ಮಾತ್ರ ಪಡೆದ ಅಥವಾ ಏನೂ ಪಡೆಯದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದರು. ನಾವು ಆಟ ಮುಗಿದ ಮೇಲೆ ವೃತ್ತದಲ್ಲಿ ಕೂತು ಎರಡು ನಿಮಿಷ "ಇವತ್ತು ನಿಂಗೆ ಯಾರು ಸಹಾಯ ಮಾಡಿದ್ರು" ಅಂತ ಕೇಳುತ್ತೇವೆ. ಸಹಾಯ ಪಡೆದವರೇ ಹೇಳಬೇಕು. ತನ್ನ ಹೆಸರು ಗೆಳೆಯನ ಬಾಯಲ್ಲಿ ಬಂದಾಗ ಆಗುವ ಖುಷಿ ಚಾಕೊಲೇಟಿನಿಂದ ಬರುವುದಿಲ್ಲ.

ಒಬ್ಬ ಹುಡುಗ ದಿನಾ ಬೇರೆಯವರನ್ನ ಹೀಯಾಳಿಸ್ತಾನೆ, ತಳ್ತಾನೆ. ಗುಂಪಿನಿಂದ ತೆಗೆದುಹಾಕೋದು ವಾಸಿ ಅಲ್ವಾ?

ಮೊದಲು ಪೆಟ್ಟು ತಿನ್ನುತ್ತಿರುವ ಮಗುವನ್ನು ನೋಡಿ. ಅದಕ್ಕೆ ಇವತ್ತೇ ರಕ್ಷಣೆ ಬೇಕು. ತಳ್ಳಿದ ಕ್ಷಣವೇ ಆಟ ನಿಲ್ಲಿಸಿ, ಅವನನ್ನು ಅವತ್ತಿನ ಮಟ್ಟಿಗೆ ಹೊರಗೆ ಕೂರಿಸಿ. "ಹೋಗ್ಲಿ ಬಿಡು, ಮಕ್ಕಳು" ಅಂತ ತೇಲಿಸಬೇಡಿ, ಪೆಟ್ಟು ತಿಂದವರಿಗೆ ಕ್ಷಮಿಸು ಅಂತ ಅವಸರವನ್ನೂ ಮಾಡಬೇಡಿ. ಒಂದೇ ಮಗುವಿನ ಮೇಲೆ ದಿನಾ ನಡೆಯುತ್ತಿದ್ದರೆ ಅದು ಆಟದ ಜಗಳ ಅನ್ನುವ ಹಂತ ದಾಟಿದೆ, ಎರಡೂ ಮನೆಯವರನ್ನು ಬೇರೆ ಬೇರೆಯಾಗಿ ಕರೆದು ಮಾತಾಡಿ.

ಪೂರ್ತಿ ತೆಗೆದುಹಾಕುವ ಮುಂಚೆ ಒಂದು ವಾರ ಅವನನ್ನು ಗಮನಿಸಿ. ಯಾವ ಹೊತ್ತಿನಲ್ಲಿ ತಳ್ಳುತ್ತಾನೆ? ನಮ್ಮಲ್ಲಿ ಬಂದಿದ್ದ ಒಬ್ಬ ಹುಡುಗ ಆರು ಗಂಟೆ ಆದ ಮೇಲೆ ಮಾತ್ರ ಜಗಳ ತೆಗೆಯುತ್ತಿದ್ದ. ಕೇಳಿದರೆ ಶಾಲೆಯಿಂದ ಬಂದವನು ಏನೂ ತಿನ್ನದೆ ಬರುತ್ತಿದ್ದ, ಮನೆಯಲ್ಲಿ ಆ ಹೊತ್ತಿಗೆ ಯಾರೂ ಇರುತ್ತಿರಲಿಲ್ಲ. ಅವತ್ತಿನಿಂದ ಐದೂವರೆಗೆ ಎಲ್ಲರಿಗೂ ಬಾಳೆಹಣ್ಣು ಶುರು ಮಾಡಿದೆವು, ಅವನೊಬ್ಬನಿಗೆ ಅಂತ ಯಾರಿಗೂ ಗೊತ್ತಾಗದ ಹಾಗೆ. ಹಂಚುವ ಕೆಲಸ ಅವನಿಗೇ ಕೊಟ್ಟೆ. ಎಲ್ಲವೂ ಸರಿಹೋಯಿತು ಅಂತ ಹೇಳುವುದಿಲ್ಲ, ಈಗಲೂ ವಾರಕ್ಕೊಮ್ಮೆ ಕಲ್ಲುಬೆಂಚಿಗೆ ಹೋಗಿ ಕೂರುತ್ತಾನೆ. ಆದರೆ ತಾನೇ ಹೋಗಿ ಕೂರುತ್ತಾನೆ, ತಾನೇ ಎದ್ದು ಬರುತ್ತಾನೆ.